ಫ್ಲಾಸ್ಕಿನಿಂದ ಕೊಳವೆಗೆ: ರಸಾಯನವಿಜ್ಞಾನದ ಸಂಶೋಧನೆಗೆ ಹೊರಟವರಿಗೆ ಬಹಿರಂಗ ಪತ್ರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯಿಂದ ರಸಾಯನವಿಜ್ಞಾನದ ಎಂ.ಎಸ್ಸಿ. ಓದುತ್ತಿರುವ, ಪಿಎಚ್.ಡಿ. ಯೋಚನೆಯಲ್ಲಿರುವ ವಿದ್ಯಾರ್ಥಿಗಳಿಗೆ, ಅವರಿಗೆ ಪಾಠ ಹೇಳುವ ಮೇಷ್ಟರುಗಳಿಗೆ —

ತಂತ್ರಜ್ಞಾನ ಆಧಾರಿತ ರಾಸಾಯನಿಕ ಸಂಶ್ಲೇಷಣೆ ಎಂಬುದು ಸಣ್ಣ ಅಣುಗಳನ್ನು ಜೋಡಿಸಿ ಬೇಕಾದ ಅಣುವನ್ನು ಕಟ್ಟುವ ಹಳೆಯ ವಿದ್ಯೆಯ ಈಚಿನ ರೂಪ. ಗುರಿ ಹಳೆಯದೇ: ಒಂದು ಔಷಧ, ಒಂದು ಕೀಟನಾಶಕ, ಒಂದು ಬಣ್ಣ. ಆಲೂಗಡ್ಡೆಯ ಅಂಗಮಾರಿಗೆ ಹಾಸನದ ರೈತರು ಹೊಡೆಯುವ ಮೆಟಲಾಕ್ಸಿಲ್ ಇಂಥದೊಂದು ಅಣು. ಅದಕ್ಕೆ ಒಂದನ್ನೊಂದು ಕನ್ನಡಿಯಲ್ಲಿ ಕಂಡಂತಿರುವ ಎರಡು ರೂಪಗಳಿದ್ದು, ರೋಗದ ಮೇಲೆ ಮುಖ್ಯವಾಗಿ ಕೆಲಸ ಮಾಡುವುದು ಒಂದೇ. ಆ ರೂಪವನ್ನು ಹೆಚ್ಚಿಸಿ ತಯಾರಿಸಿದ್ದು ಮೆಟಲಾಕ್ಸಿಲ್-ಎಂ. ಹೊಲದಲ್ಲಿ ಸಿಂಪಡಿಸುವ ಪ್ರಮಾಣ ತಗ್ಗಿದ್ದರ ಹಿಂದೆ ಸಂಶ್ಲೇಷಣೆಯ ಕೆಲಸವಿದೆ. ಬದಲಾಗಿರುವುದು ಈ ಕೆಲಸ ನಡೆಯುವ ಬಗೆ. ದುಂಡು ತಳದ ಫ್ಲಾಸ್ಕಿನ ಜಾಗಕ್ಕೆ ಸಪೂರ ಕೊಳವೆ ಬಂದಿದೆ, ಬರ್ನರಿನ ಜಾಗಕ್ಕೆ ಎಲ್‌ಇಡಿ ಬೆಳಕು ಇಲ್ಲವೇ ವಿದ್ಯುತ್ತು ಬಂದಿದೆ, ಒಂದೊಂದಾಗಿ ಹಾಕುತ್ತಿದ್ದ ರಿಯಾಕ್ಷನ್ನುಗಳನ್ನು 96 ಗುಳಿಗಳ ಒಂದು ತಟ್ಟೆಯಲ್ಲಿ ಒಟ್ಟಿಗೆ ಹಾಕುವುದು ಬಂದಿದೆ. ಮುಂದಿನ ಪ್ರಯೋಗ ಯಾವುದಿರಬೇಕು ಎಂಬ ತೀರ್ಮಾನದಲ್ಲಿ ಈಗ ಗಣಕಕ್ಕೂ ಪಾಲಿದೆ. ಈ ಬಗೆಯ ಕೆಲಸಕ್ಕೆ ಸಂಶೋಧಕರನ್ನು ತಯಾರು ಮಾಡುವ ತರಬೇತಿಯೇ ಈ ಪತ್ರದ ವಿಷಯ.

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಾವಯವ ರಸಾಯನದ ಪಿಎಚ್.ಡಿ. ಸಾಮಾನ್ಯವಾಗಿ ಹಿಡಿಯುವ ದಾರಿ ಎಲ್ಲರಿಗೂ ಗೊತ್ತಿರುವಂಥದು. ಚಾಲ್ಕೋನ್, ಪೈರಜೋಲ್, ಬೆಂಜಿಮಿಡಜೋಲ್ ಮುಂತಾದ ಒಂದು ಚೌಕಟ್ಟನ್ನು ಆರಿಸಿಕೊಳ್ಳುವುದು, ಅದರ ಬೇರೆ ಬೇರೆ ಜಾಗಗಳಲ್ಲಿ ಕ್ಲೋರಿನ್ ಕೂರಿಸಿ, ಮೆಥಾಕ್ಸಿ ಕೂರಿಸಿ ಒಂದಷ್ಟು ಸಂಯುಕ್ತಗಳನ್ನು ಮಾಡುವುದು, ಎನ್‌ಎಂಆರ್, ಮಾಸ್ ತೆಗೆಸುವುದು, ಬ್ಯಾಕ್ಟೀರಿಯಾದ ಮೇಲೆ ಪರೀಕ್ಷೆ ಮಾಡಿಸಿ ಥೀಸಿಸ್ ಬರೆಯುವುದು. ಇದು ಕೈಯನ್ನು ಚೆನ್ನಾಗಿ ಪಳಗಿಸುತ್ತದೆ. ಟಿಎಲ್‌ಸಿ ನೋಡುವುದು, ವರ್ಕಪ್, ಕಾಲಂ ಹಾಕುವುದು, ಹರಳು ತೆಗೆಯುವುದು ಇವೆಲ್ಲ ಬರದವರು ಯಾವ ಯಂತ್ರದ ಮುಂದೆ ನಿಂತರೂ ಪ್ರಯೋಜನವಿಲ್ಲ. ಆದರೆ ಆ ಥೀಸಿಸ್ಸಿನ ತಖ್ತೆಯಲ್ಲಿ ಒಂದು ಸಂಯುಕ್ತದ ಇಳುವರಿ ಶೇ. 62, ಪಕ್ಕದ್ದು ಶೇ. 85 ಎಂದಿದ್ದರೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇರುವುದು ಅಪರೂಪ. ರಿಯಾಕ್ಷನ್ 6 ಗಂಟೆ ನಡೆಯಿತು ಎಂದು ಬರೆದಿರುತ್ತದೆ. 40 ನಿಮಿಷಕ್ಕೇ ಮುಗಿದಿತ್ತೋ ಏನೋ, ನೋಡಿದವರಾರು? ಹೊಸ ಬಗೆಯ ತರಬೇತಿ ಕೈ ಹಾಕುವುದು ಈ ಪ್ರಶ್ನೆಗಳಿಗೆ. ಯಂತ್ರಗಳು ಅದರ ಹೊರಮೈ. ರಿಯಾಕ್ಷನ್ನನ್ನು ಕಾಲ, ಶಾಖ, ಬೆರಕೆ, ಸಾಂದ್ರತೆಗಳ ಅಂಕಿಗಳಲ್ಲಿ ಹಿಡಿಯುವ ಅಭ್ಯಾಸ ಅದರ ತಿರುಳು.

ಕೊಳವೆಯಲ್ಲಿ ನಡೆಸುವ ರಿಯಾಕ್ಷನ್, ಅಂದರೆ ಫ್ಲೋ ಕೆಮಿಸ್ಟ್ರಿ, ಈ ಅಭ್ಯಾಸ ಕಲಿಸಲು ಹೇಳಿ ಮಾಡಿಸಿದ್ದು. ಎರಡು ಪಂಪುಗಳು ಎರಡು ದ್ರಾವಣಗಳನ್ನು ತಳ್ಳುತ್ತವೆ. ಅವು ಟಿ ಆಕಾರದ ಕೂಡುಗೊಂಡಿಯಲ್ಲಿ ಸೇರಿ, ಸುರುಳಿ ಸುತ್ತಿದ ಕೊಳವೆಯೊಳಗೆ ಹರಿಯುತ್ತ ಕ್ರಿಯೆ ಮುಗಿಸಿ ಆಚೆ ಬರುತ್ತವೆ. ಸುರುಳಿಯ ಒಳಗಾತ್ರ 10 ಮಿ.ಲೀ., ಒಟ್ಟು ಹರಿವು ನಿಮಿಷಕ್ಕೆ 0.5 ಮಿ.ಲೀ. ಇದ್ದರೆ ದ್ರಾವಣ ಸರಾಸರಿ 20 ನಿಮಿಷ ಸುರುಳಿಯಲ್ಲಿರುತ್ತದೆ. ಇದೇ ವಾಸದ ಸಮಯ. ಪಂಪಿನ ವೇಗ ಇಮ್ಮಡಿಸಿದರೆ ಅದು 10 ನಿಮಿಷಕ್ಕೆ ಇಳಿಯುತ್ತದೆ. ರಿಯಾಕ್ಷನ್ ಎಷ್ಟು ಹೊತ್ತು ಎಂಬುದು ಇಲ್ಲಿ ರಾತ್ರಿ ಬಿಟ್ಟುಹೋಗಿ ಬೆಳಿಗ್ಗೆ ಬಂದು ನೋಡುವ ವಿಷಯವಲ್ಲ, ಗುಂಡಿ ತಿರುಗಿಸಿ ನಿಗದಿ ಮಾಡುವ ಅಂಕಿ. ಇದೇ ಪುಟ್ಟ ಸುರುಳಿ ಹಗಲೂ ರಾತ್ರಿ ನಡೆದರೆ ದಿನಕ್ಕೆ 720 ಮಿ.ಲೀ. ದ್ರಾವಣ ಹೊರಬರುತ್ತದೆ. ಸಾಂದ್ರತೆ ಲೀಟರಿಗೆ 0.2 ಮೋಲ್, ಅಣುತೂಕ 250 ಎಂದಿಟ್ಟುಕೊಂಡರೆ ಪೂರ್ತಿ ಇಳುವರಿಯಲ್ಲಿ 36 ಗ್ರಾಂ ಸಂಯುಕ್ತ. ಅಂಗೈಯಗಲದ ಸಾಧನಕ್ಕೆ ಇದು ಕಡಿಮೆಯೇನಲ್ಲ.

ಶಾಖದ ಲೆಕ್ಕ ಇನ್ನೂ ಮುಖ್ಯ. 1 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ ಪ್ರತಿ ಘನಮೀಟರ್ ದ್ರವಕ್ಕೆ 4,000 ಚದರ ಮೀಟರ್ ಗೋಡೆ ಸಿಗುತ್ತದೆ. 1 ಮೀಟರ್ ವ್ಯಾಸದ ಕಾರ್ಖಾನೆಯ ರಿಯಾಕ್ಟರಿನಲ್ಲಿ ಪಕ್ಕದ ಗೋಡೆಯಿಂದ ಸಿಗುವುದು 4 ಚದರ ಮೀಟರ್. ಮದುವೆ ಮನೆಯ ಹಂಡೆಯ ಸಾರು ಊಟದ ಮೂರನೆ ಪಂಕ್ತಿಗೂ ಬಿಸಿಯಾಗಿರುತ್ತದೆ, ಲೋಟದ ಕಾಫಿ ಮಾತು ಮುಗಿಯುವುದರೊಳಗೆ ಆರುತ್ತದೆ, ಕಾರಣ ಇದೇ. ಬಿಸಿ ಹೊರಹಾಕುವ ರಿಯಾಕ್ಷನ್ ದೊಡ್ಡ ಪಾತ್ರೆಯಲ್ಲಿ ತನ್ನ ಬಿಸಿಯನ್ನು ತಾನೇ ಹೊದ್ದು ಇನ್ನಷ್ಟು ವೇಗ ಪಡೆಯುತ್ತದೆ. ಸಪೂರ ಕೊಳವೆಯಲ್ಲಿ ಬಿಸಿ ಹುಟ್ಟಿದ ಕ್ಷಣವೇ ಗೋಡೆಗೆ ಹೋಗುತ್ತದೆ. ಹಾಗೆಯೇ ಕೊಳವೆಯ ಕೊನೆಗೆ ಒತ್ತಡ ಹಿಡಿಯುವ ಕವಾಟವೊಂದನ್ನು ಕೂರಿಸಿದರೆ ದ್ರಾವಕವನ್ನು ಅದರ ಕುದಿಬಿಂದುವಿಗಿಂತ ಮೇಲೆ ಕಾಯಿಸಬಹುದು. ಎಥನಾಲ್ ಸಾಧಾರಣವಾಗಿ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. 10 ಬಾರ್ ಒತ್ತಡದಲ್ಲಿ 140 ಡಿಗ್ರಿಯಲ್ಲೂ ದ್ರವವಾಗಿಯೇ ಇರುತ್ತದೆ. ಪ್ರತಿ 10 ಡಿಗ್ರಿಗೆ ವೇಗ ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ಲೆಕ್ಕ ಹಿಡಿದರೆ, 80 ಡಿಗ್ರಿಯಲ್ಲಿ 8 ಗಂಟೆ ಹಿಡಿಯುವ ಕೆಲಸ 140 ಡಿಗ್ರಿಯಲ್ಲಿ ಏಳೆಂಟು ನಿಮಿಷಕ್ಕೆ ಇಳಿಯಬೇಕು. ಎಲ್ಲ ರಿಯಾಕ್ಷನ್ನುಗಳೂ ಈ ಲೆಕ್ಕಕ್ಕೆ ಮಣಿಯುವುದಿಲ್ಲ. ಹುಡಿಯಾಗಿ ಇಳಿಯುವ ಲವಣಗಳು ಕೊಳವೆಯನ್ನು ಮುಚ್ಚಿಬಿಡುತ್ತವೆ, ಸೂಕ್ಷ್ಮ ಅಣುಗಳು ಸುಟ್ಟುಹೋಗುತ್ತವೆ. ಎಲ್ಲವನ್ನೂ ಕೊಳವೆಗೆ ತುಂಬಬೇಕೆಂಬ ಹಟ ಈ ಕ್ಷೇತ್ರದ ಆರಂಭದ ದಿನಗಳಲ್ಲಿ ಸಾಕಷ್ಟು ಕಾಗದ ತಿಂದಿದೆ. ಫ್ಲಾಸ್ಕ್ ಯಾವಾಗ ಸಾಕು ಎಂದು ಗುರುತಿಸುವುದೂ ತರಬೇತಿಯ ಭಾಗವೇ.

ಅಪಾಯದ ವಿಷಯದಲ್ಲಿ ಭಾರತದವರಿಗೆ ದೂರದ ಉದಾಹರಣೆ ಬೇಕಿಲ್ಲ. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ಸೋರಿದ್ದು ಕೀಟನಾಶಕದ ದಾರಿಯಲ್ಲಿನ ಒಂದು ಮಧ್ಯಂತರ ವಸ್ತು, ಮೀಥೈಲ್ ಐಸೊಸಯನೇಟ್. ಅದನ್ನು ಟನ್ನುಗಟ್ಟಲೆ ಟ್ಯಾಂಕಿನಲ್ಲಿ ಕೂಡಿಟ್ಟಿದ್ದೇ ದುರಂತದ ಬೇರು. ದುರಂತದ ಬಳಿಕ ಅಮೆರಿಕದ ಡುಪಾಂಟ್ ಕಂಪನಿ ಅದೇ ವಸ್ತುವನ್ನು ಬೇಕಾದ ಕ್ಷಣದಲ್ಲಿ ತಯಾರಿಸಿ ಆಗಲೇ ಮುಂದಿನ ಹಂತಕ್ಕೆ ಬಳಸಿ ಮುಗಿಸುವ ವಿಧಾನಕ್ಕೆ ಬದಲಾಯಿತು. ಕೂಡಿಡುವುದೇ ಬೇಡ ಎಂಬ ಈ ವಿಚಾರ ಇವತ್ತಿನ ಫ್ಲೋ ಪ್ರಯೋಗಾಲಯದ ದಿನನಿತ್ಯದ ರೂಢಿ: ಡಯಜೋ ಸಂಯುಕ್ತ, ಅಜೈಡ್, ಫಾಸ್ಜೀನ್ ಯಾವುದೇ ಇರಲಿ, ಯಾವ ಕ್ಷಣದಲ್ಲೂ ಕೊಳವೆಯಲ್ಲಿ ಇರುವುದು ಕೆಲವೇ ಮಿ.ಲೀ. ಇನ್ನೊಂದು ಘಟನೆ ತರಬೇತಿಗೆ ನೇರವಾಗಿ ಸಂಬಂಧಿಸಿದ್ದು. 2007ರ ಡಿಸೆಂಬರ್ 19ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿ ಟಿ2 ಲ್ಯಾಬೊರೇಟರೀಸ್ ಎಂಬ ಕಾರ್ಖಾನೆಯ ರಿಯಾಕ್ಟರ್ ಸ್ಫೋಟಿಸಿ ನಾಲ್ವರು ಸತ್ತರು. ರಿಯಾಕ್ಷನ್ ಹತೋಟಿ ಮೀರುವ ಸಾಧ್ಯತೆಯನ್ನು ಅಲ್ಲಿನವರು ಗುರುತಿಸಿಯೇ ಇರಲಿಲ್ಲ. ತನಿಖೆ ನಡೆಸಿದ ಅಲ್ಲಿನ ಕೆಮಿಕಲ್ ಸೇಫ್ಟಿ ಬೋರ್ಡ್ ಕವಾಟ, ತಂಪುನೀರುಗಳ ವಿಷಯಕ್ಕೆ ನಿಲ್ಲದೆ, ಪದವಿ ಶಿಕ್ಷಣದ ಪಠ್ಯಕ್ರಮದಲ್ಲೇ ಕ್ರಿಯಾಶೀಲ ರಾಸಾಯನಿಕಗಳ ಅಪಾಯದ ಪಾಠ ಸೇರಬೇಕು ಎಂದಿತು. ನಮ್ಮಲ್ಲಿ ಸುರಕ್ಷತೆ ಎಂದರೆ ಇಂದಿಗೂ ಬಹುಪಾಲು ಏಪ್ರನ್ನು, ಕನ್ನಡಕ, ಗೋಡೆಗೆ ಅಂಟಿಸಿದ ಒಂದು ಹಾಳೆ. ಒಂದು ರಿಯಾಕ್ಷನ್ ಎಷ್ಟು ಕಿಲೋಜೂಲ್ ಬಿಸಿ ಹೊರಹಾಕುತ್ತದೆ, ಆ ಬಿಸಿ ಹೋಗಲು ದಾರಿ ಇಲ್ಲದಿದ್ದರೆ ದ್ರಾವಣ ಎಷ್ಟು ಡಿಗ್ರಿಗೆ ಏರುತ್ತದೆ ಎಂಬ ಲೆಕ್ಕವನ್ನು ಎಂ.ಎಸ್ಸಿ. ಮುಗಿಸಿದವರು ಹಾಳೆಯ ಮೇಲೆ ಮಾಡಬಲ್ಲವರಾಗಿರಬೇಕು. ಬೇಕಾಗುವುದು ಮೊದಲನೆಯ ಪಿಯುಸಿಯ ಉಷ್ಣರಸಾಯನವಷ್ಟೇ.

ಬೆಳಕಿನ ಪ್ರಯೋಗಗಳಿಗೂ ಕೊಳವೆ ಒಗ್ಗಿದೆ. ಬಣ್ಣವಿರುವ ದ್ರಾವಣದೊಳಗೆ ಬೆಳಕು ಕೆಲವೇ ಮಿ.ಮೀ. ಇಳಿದು ನಿಲ್ಲುತ್ತದೆ, ದೊಡ್ಡ ಫ್ಲಾಸ್ಕಿನ ನಡುವೆ ಕತ್ತಲೆ. ಎಫ್‌ಇಪಿ ಎಂಬ ಪಾರದರ್ಶಕ ಕೊಳವೆಯನ್ನು ದೀಪದ ಸುತ್ತ ಸುತ್ತಿದರೆ ಪ್ರತಿ ಹನಿಗೂ ಬೆಳಕು ತಾಕುತ್ತದೆ. 2012ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಪೀಟರ್ ಸೀಬರ್ಗರ್ ಮತ್ತು ಫ್ರಾನ್ಸ್ವಾ ಲೆವೆಕ್ ಹೀಗೆಯೇ ಬೆಳಕು, ಆಮ್ಲಜನಕ ಬಳಸಿ ಮಲೇರಿಯಾದ ಔಷಧ ಆರ್ಟೆಮಿಸಿನಿನ್ ಅನ್ನು ನಿರಂತರ ಹರಿವಿನಲ್ಲಿ ತಯಾರಿಸಿ ತೋರಿಸಿದರು. ವಿದ್ಯುತ್ತಿನಿಂದ ನಡೆಯುವ ಸಂಶ್ಲೇಷಣೆಯಲ್ಲಿ ಎಲೆಕ್ಟ್ರಾನನ್ನೇ ರಾಸಾಯನಿಕದಂತೆ ಬಳಸುವುದರಿಂದ ಕ್ರೋಮಿಯಂನಂಥ ವಿಷದ ಆಕ್ಸಿಡೀಕಾರಕಗಳನ್ನು ಬಿಡಬಹುದು. ಈ ಶಾಖೆಗೆ ದಕ್ಷಿಣ ಭಾರತದಲ್ಲಿ ಹಳೆಯ ಮನೆಯೊಂದಿದೆ: ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾ ಸಂಸ್ಥೆ.

ಈಗ ಅಂಕಿಅಂಶಗಳ ಮಾತು. ರಸಾಯನದ ವಿದ್ಯಾರ್ಥಿಗಳು ಸಂಖ್ಯಾಶಾಸ್ತ್ರವನ್ನು ಪಕ್ಕದ ಇಲಾಖೆಯ ವಿಷಯ ಎಂದುಕೊಳ್ಳುವುದೇ ಹೆಚ್ಚು. ಉಷ್ಣತೆ, ಪ್ರತ್ಯಾಮ್ಲ, ವೇಗವರ್ಧಕ ಎಂಬ ಮೂರು ಸಂಗತಿಗಳಿದ್ದರೆ ಉಳಿದೆರಡನ್ನು ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡುವುದು ನಮ್ಮ ಪ್ರಯೋಗಾಲಯಗಳ ವಾಡಿಕೆ. ಉಷ್ಣತೆ ಹೆಚ್ಚಿದಾಗ ಮಾತ್ರ ಪ್ರತ್ಯಾಮ್ಲ ಕೆಡುಕು ಮಾಡುತ್ತದೆ ಎಂಬಂಥ ಕೂಡು ಪರಿಣಾಮ ಈ ಕ್ರಮಕ್ಕೆ ಕಾಣುವುದೇ ಇಲ್ಲ. ಮೂರನ್ನೂ ಮೇಲಿನ ಮಟ್ಟ, ಕೆಳಗಿನ ಮಟ್ಟ ಎಂದು ಜೋಡಿಸಿದರೆ 8 ಪ್ರಯೋಗ, ನಡುಮಟ್ಟದಲ್ಲಿ ಮತ್ತೆ ಮತ್ತೆ ಮಾಡಿದ 3 ಪ್ರಯೋಗ. ಒಟ್ಟು 11ರಲ್ಲಿ ಮೂರರ ಪರಿಣಾಮವೂ ಅವುಗಳ ಕೂಡು ಪರಿಣಾಮವೂ ಪ್ರಯೋಗದ ಏರುಪೇರಿನ ಅಂದಾಜೂ ಸಿಗುತ್ತವೆ. ಇದಕ್ಕೆ ಪ್ರಯೋಗ ವಿನ್ಯಾಸ ಎಂದು ಹೆಸರು. ಈ ವಿದ್ಯೆ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ಹೊಲದಲ್ಲಿ. ಅದೂ ಆಲೂಗಡ್ಡೆ ಹೊಲದಲ್ಲಿ ಎಂದರೆ ಹಾಸನದವರಿಗೆ ಒಂದಿಷ್ಟು ಹತ್ತಿರವೆನಿಸೀತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಷರ್, ಮೆಕೆಂಜಿ ಅವರೊಡನೆ 1923ರಲ್ಲಿ ಪ್ರಕಟಿಸಿದ ಲೇಖನ 12 ಆಲೂಗಡ್ಡೆ ತಳಿಗಳು ಬೇರೆ ಬೇರೆ ಗೊಬ್ಬರಗಳಿಗೆ ಹೇಗೆ ಸ್ಪಂದಿಸುತ್ತವೆ ಎಂಬುದರ ಮೇಲಿತ್ತು. ತಳಿಯ ಪಾಲೆಷ್ಟು, ಗೊಬ್ಬರದ ಪಾಲೆಷ್ಟು, ಎರಡೂ ಕೂಡಿದ್ದರ ಪಾಲೆಷ್ಟು ಎಂದು ಬೇರ್ಪಡಿಸಿ ನೋಡುವ ದಾರಿಯನ್ನು ಆ ಕೆಲಸ ತೆರೆಯಿತು. ಪ್ರಯೋಗಗಳ ಸಂಖ್ಯೆಯನ್ನು ಇನ್ನೂ ತಗ್ಗಿಸುವ ಆರ್ಥಾಗೊನಲ್ ಅರೇ ಎಂಬ ಜೋಡಣೆಗಳನ್ನು 1940ರ ದಶಕದಲ್ಲಿ ರೂಪಿಸಿದ ಸಿ. ಆರ್. ರಾವ್ ಹುಟ್ಟಿದ್ದು ಹೂವಿನಹಡಗಲಿಯಲ್ಲಿ. ಜಗತ್ತಿನ ಕಾರ್ಖಾನೆಗಳು ಬಳಸುವ ಈ ಜೋಡಣೆಯನ್ನು ಕರ್ನಾಟಕದ ಎಂ.ಎಸ್ಸಿ. ರಸಾಯನ ಪಠ್ಯದಲ್ಲಿ ನಾಲ್ಕು ತರಗತಿಗಳಲ್ಲಿ ಕಲಿಸಬಹುದು. ದುಡ್ಡು ಖರ್ಚಾಗುವ ಕೆಲಸವೂ ಅಲ್ಲ.

ಪ್ರಯೋಗಗಳ ಸಂಖ್ಯೆ ನೂರು, ಸಾವಿರಕ್ಕೆ ಏರಿದಾಗ ಯಂತ್ರ ಬೇಕಾಗುತ್ತದೆ. 2018ರಲ್ಲಿ ಫೈಜರ್ ಕಂಪನಿಯ ಸಂಶೋಧಕರು ಒಂದು ಸುಜುಕಿ ಜೋಡಣೆಯ ಬೇರೆ ಬೇರೆ ಪರಿಸ್ಥಿತಿಗಳನ್ನು ಹರಿವಿನಲ್ಲಿ ಸಣ್ಣ ಸಣ್ಣ ತುಣುಕುಗಳಾಗಿ ಕಳಿಸಿ ದಿನಕ್ಕೆ 1,500ಕ್ಕೂ ಹೆಚ್ಚು ರಿಯಾಕ್ಷನ್ನುಗಳನ್ನು ಪರೀಕ್ಷಿಸಿದರು. 2020ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಕೂಪರ್ ಗುಂಪಿನ ಚಲಿಸುವ ರೋಬೋಟ್ ಪ್ರಯೋಗಾಲಯದಲ್ಲಿ ತಾನೇ ಓಡಾಡಿಕೊಂಡು 8 ದಿನಗಳಲ್ಲಿ 688 ಪ್ರಯೋಗ ಮಾಡಿತು. ನೀರಿನಿಂದ ಜಲಜನಕ ಬಿಡಿಸುವ ಬೆಳಕು-ವೇಗವರ್ಧಕ ಮಿಶ್ರಣವೊಂದನ್ನು ಆರಂಭದಲ್ಲಿದ್ದುದಕ್ಕಿಂತ ಸುಮಾರು ಆರು ಪಟ್ಟು ಚುರುಕಾಗಿಸಿತು. ಹಿಂದಿನ ಫಲಿತಾಂಶ ನೋಡಿ ಮುಂದಿನದನ್ನು ಆರಿಸಿಕೊಂಡದ್ದೂ ಅದರ ತಂತ್ರಾಂಶವೇ. ಆದರೆ ಯಾವ ವಸ್ತುಗಳನ್ನು ಆ ರೋಬೋಟಿನ ಮುಂದಿಡಬೇಕು, ಯಾವ ಅಳತೆಯನ್ನು ಗೆಲುವೆಂದು ಎಣಿಸಬೇಕು ಎಂದು ತೀರ್ಮಾನಿಸಿದವರು ಮನುಷ್ಯರು. ರೋಬೋಟ್ ಬಂದರೆ ಸಂಶ್ಲೇಷಣಾ ರಸಾಯನಜ್ಞರ ಕೆಲಸ ಹೋಯಿತು ಎಂಬ ಹೆದರಿಕೆಗೆ ಸದ್ಯಕ್ಕೆ ಹುರುಳಿಲ್ಲ. ಟಿಎಲ್‌ಸಿ ಮಾತ್ರ ನೋಡಬಲ್ಲ, ಆ ಫಲಿತಾಂಶವನ್ನು ಪ್ರಶ್ನಿಸಲು ಬಾರದ ಕೆಲಸಗಾರರ ಬೇಡಿಕೆ ಕುಗ್ಗುತ್ತದೆ ಎಂಬುದಂತೂ ನಿಜ.

ಗಣಕ ಈ ಕ್ಷೇತ್ರಕ್ಕೆ ನಿನ್ನೆ ಬಂದದ್ದಲ್ಲ. ಬೇಕಾದ ಅಣುವಿನಿಂದ ಹಿಂದಕ್ಕೆ ನಡೆದು ಕಚ್ಚಾವಸ್ತುಗಳನ್ನು ತಲುಪುವ ರೆಟ್ರೊಸಿಂಥೆಸಿಸ್ ತರ್ಕವನ್ನು ಕಟ್ಟಿದ ಇ. ಜೆ. ಕೋರಿ 1969ರಲ್ಲೇ, ಟಾಡ್ ವಿಪ್ಕೆ ಜೊತೆ, ಅದನ್ನು ಗಣಕದಲ್ಲಿ ಮಾಡಿಸುವ ಬಗ್ಗೆ ಬರೆದಿದ್ದರು. 1990ರ ನೊಬೆಲ್ ಪ್ರಶಸ್ತಿ ಅವರಿಗೆ ಬಂದದ್ದು ಆ ತರ್ಕಕ್ಕೆ. ಇಂದು ಅಣುಗಳನ್ನು ಗಣಕದಲ್ಲಿ ನಿಭಾಯಿಸುವ ಆರ್‌ಡಿಕಿಟ್, ಆಸ್ಟ್ರಾಜೆನೆಕಾ ಕಂಪನಿ ಬಿಡುಗಡೆ ಮಾಡಿದ ಐಜಿಂತ್‌ಫೈಂಡರ್ ಎಂಬ ದಾರಿ ಹುಡುಕುವ ತಂತ್ರಾಂಶ ಎರಡೂ ಪುಕ್ಕಟೆ. ಸಾಧಾರಣ ಲ್ಯಾಪ್‌ಟಾಪು, ಪೈಥಾನ್ ಭಾಷೆಯ ಅಲ್ಪ ಪರಿಚಯ ಇದ್ದರೆ ಅರಕಲಗೂಡಿನ ಮನೆಯಲ್ಲೇ ಕೂತು ಕಲಿಯಬಹುದು. ಇಲ್ಲಿ ತೊಡಕು ಬೇರೆಯದು. ಯಂತ್ರಕಲಿಕೆಗೆ ಆಹಾರ ಹಳೆಯ ಫಲಿತಾಂಶಗಳು. ನಿಯತಕಾಲಿಕಗಳಲ್ಲಿ ಅಚ್ಚಾಗುವುದು ಗೆದ್ದ ರಿಯಾಕ್ಷನ್ನುಗಳು ಮಾತ್ರ. ಸೋತವು ನೋಟುಪುಸ್ತಕದಲ್ಲೇ ಉಳಿಯುತ್ತವೆ, ಎಷ್ಟೋ ಸಲ ಅಲ್ಲೂ ಉಳಿಯುವುದಿಲ್ಲ. ಬರೀ ಗೆಲುವನ್ನೇ ಕಂಡ ತಂತ್ರಾಂಶ ಎಲ್ಲವೂ ನಡೆಯುತ್ತದೆ ಎಂದೇ ಹೇಳೀತು. ಆದ್ದರಿಂದ ಶೇ. 0 ಇಳುವರಿಯನ್ನೂ ಅದರ ಉಷ್ಣತೆ, ಸಮಯ, ದ್ರಾವಕದ ತೇವದ ಸಮೇತ ಗಣಕ ಓದಬಲ್ಲ ರೂಪದಲ್ಲಿ ದಾಖಲಿಸುವುದು ಇಂದಿನ ತರಬೇತಿಯ ಮೊದಲ ಪಾಠಗಳಲ್ಲಿ ಒಂದು. ಇಂಥ ದಾಖಲೆಗಳನ್ನು ಎಲ್ಲರಿಗೂ ತೆರೆದಿಡುವ ಓಪನ್ ರಿಯಾಕ್ಷನ್ ಡೇಟಾಬೇಸ್ ಕೂಡ ಆರಂಭವಾಗಿದೆ. ಗೈಡ್ ಬೈದಾರೆಂದು ಸೋತ ರಿಯಾಕ್ಷನ್ ಮುಚ್ಚಿಡುವ ಪದ್ಧತಿ ಇರುವ ಪ್ರಯೋಗಾಲಯದಲ್ಲಿ ಎಷ್ಟು ದುಬಾರಿ ಯಂತ್ರ ತಂದು ಕೂರಿಸಿದರೂ ಈ ವಿದ್ಯೆ ಬೇರೂರದು.

ಇಷ್ಟನ್ನೂ ಒಬ್ಬ ಗೈಡಿನ ಕೈಯಲ್ಲಿ ಕಲಿಯುವುದು ಕಷ್ಟ. ಬ್ರಿಟನ್ನಿನಲ್ಲಿ ಇದಕ್ಕೆ ಕಂಡುಕೊಂಡ ದಾರಿ ಡಾಕ್ಟರೇಟ್ ತರಬೇತಿ ಕೇಂದ್ರಗಳು. ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ತಂತ್ರಜ್ಞಾನವರ್ಧಿತ ರಾಸಾಯನಿಕ ಸಂಶ್ಲೇಷಣೆಗೆಂದೇ ಇಂಥ ಕೇಂದ್ರವೊಂದು 2019ರಲ್ಲಿ ಆರಂಭವಾಯಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲೂ ಅದೇ ಸುಮಾರಿಗೆ ಸಂಶ್ಲೇಷಣೆ, ರಿಯಾಕ್ಷನ್ ತಂತ್ರಜ್ಞಾನಗಳಿಗೆ ಮತ್ತೊಂದು ಬಂತು. ಇಂಥ ಕೇಂದ್ರಗಳಲ್ಲಿ ವಿದ್ಯಾರ್ಥಿಗಳು ತಂಡವಾಗಿ ಸೇರುತ್ತಾರೆ. ಸೇರಿದ ದಿನವೇ ವಿಷಯ, ಗೈಡು ಗೊತ್ತಾಗಿರಬೇಕೆಂದಿಲ್ಲ. ಮೊದಲಿಗೆ ಫ್ಲೋ, ಯಾಂತ್ರೀಕರಣ, ದತ್ತಾಂಶದ ತರಬೇತಿ ಪಡೆದು, ಬೇರೆ ಬೇರೆ ಗುಂಪುಗಳ ಕೆಲಸ ಕಂಡು, ಆಮೇಲೆ ಪಿಎಚ್.ಡಿ. ವಿಷಯಕ್ಕೆ ಹೋಗುತ್ತಾರೆ. ಕಂಪನಿಗಳು ಹಣ, ಸಮಸ್ಯೆ ಎರಡನ್ನೂ ತರುತ್ತವೆ. ಒಬ್ಬ ರಸಾಯನಜ್ಞೆಯ ಪಂಪು ಕೆಟ್ಟರೆ ರಿಪೇರಿ ಗೊತ್ತಿರುವ ಎಂಜಿನಿಯರ್ ಗೆಳತಿ ಅದೇ ತಂಡದಲ್ಲಿರುತ್ತಾಳೆ ಎಂಬುದೇ ಈ ವ್ಯವಸ್ಥೆಯ ದೊಡ್ಡ ಲಾಭವೆನ್ನಬಹುದು.

ಕರ್ನಾಟಕಕ್ಕೆ ಇಂಥ ಕೂಡುಕೆಲಸ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1911ರಲ್ಲಿ ತರಗತಿ ಆರಂಭಿಸಿದಾಗ ಇದ್ದ ವಿಭಾಗಗಳು ಸಾಮಾನ್ಯ ರಸಾಯನ, ಅನ್ವಯಿಕ ರಸಾಯನ ಮತ್ತು ವಿದ್ಯುತ್ ತಂತ್ರಜ್ಞಾನ. ಮೊದಲ ಮಹಾಯುದ್ಧ ಬಂದು ಮೈಸೂರಿನ ಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತಾಗ, ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಗಂಧದೆಣ್ಣೆ ಇಳಿಸುವ ಪ್ರಯೋಗಗಳನ್ನು ನಡೆಸಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಸಾಬೂನಿನ ವಿದ್ಯೆ ಕಲಿತು ಬರಲು ಎಸ್. ಜಿ. ಶಾಸ್ತ್ರಿಯವರನ್ನು ಮೈಸೂರು ಸಂಸ್ಥಾನ ಇಂಗ್ಲೆಂಡಿಗೆ ಕಳಿಸಿತು. ಮೈಸೂರು ಸ್ಯಾಂಡಲ್ ಸಾಬೂನು ಆ ಕಲಿಕೆಯ ಫಲ. ಪ್ರಯೋಗಾಲಯ, ಸರ್ಕಾರ, ಕಾರ್ಖಾನೆ, ತರಬೇತಿಗೆ ಹೋದ ಒಬ್ಬ ಯುವಕ: ನಾಲ್ಕೂ ಕೆಲವೇ ವರ್ಷಗಳೊಳಗೆ ಒಂದೆಡೆ ಕೂಡಿದ್ದವು.

ಇಂದು ನಮ್ಮಲ್ಲಿ ಈ ವಿದ್ಯೆ ಹಂಚಿಹೋಗಿದೆ. ಸಂಶ್ಲೇಷಣೆಗೆ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ರಸಾಯನ ಮತ್ತು ಕೆಮಿಕಲ್ ಎಂಜಿನಿಯರಿಂಗ್ ಎರಡೂ ಒಂದೇ ಆವರಣದಲ್ಲಿರುವ ಸುರತ್ಕಲ್ಲಿನ ಎನ್‌ಐಟಿ, ಮೈಸೂರಿನ ಮಾನಸಗಂಗೋತ್ರಿ. ಫ್ಲೋ ಕೆಲಸಕ್ಕೆ ದೇಶದಲ್ಲಿ ಮುಖ್ಯ ಹೆಸರು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ್ದು. ಅಲ್ಲಿನ ಅಮೋಲ್ ಕುಲಕರ್ಣಿಯವರಿಗೆ 2020ರಲ್ಲಿ ಎಂಜಿನಿಯರಿಂಗ್ ವಿಭಾಗದ ಭಟ್ನಾಗರ್ ಪ್ರಶಸ್ತಿ ಬಂತು. ಹೈದರಾಬಾದಿನಲ್ಲಿ ತೆಲಂಗಾಣ ಸರ್ಕಾರ ಔಷಧ ಕಂಪನಿಗಳೊಡನೆ ಕೂಡಿ ಫ್ಲೋ ಕೆಮಿಸ್ಟ್ರಿಗೆಂದೇ ಒಂದು ಕೇಂದ್ರ ಮಾಡಿಕೊಂಡಿದೆ. ಔಷಧ ಉದ್ದಿಮೆ ಬೆಂಗಳೂರು, ನಂಜನಗೂಡಿನಲ್ಲಿ ಇಷ್ಟು ಬೆಳೆದಿರುವಾಗ ಕರ್ನಾಟಕ ಹಾಗೊಂದನ್ನು ಮಾಡಿಕೊಳ್ಳಬಹುದಿತ್ತು. ನಿರಂತರ ತಯಾರಿಕೆಗೆ ನಿಯಮಗಳೂ ಬಂದಾಗಿದೆ: ಔಷಧ ನಿಯಂತ್ರಕರ ಅಂತರರಾಷ್ಟ್ರೀಯ ಒಕ್ಕೂಟ 2022ರಲ್ಲಿ ಕ್ಯೂ13 ಎಂಬ ಮಾರ್ಗಸೂಚಿ ಹೊರಡಿಸಿತು. ಅದಕ್ಕೂ ಮೊದಲೇ, 2017ರಲ್ಲಿ, ಎಲೈ ಲಿಲ್ಲಿ ಕಂಪನಿ ಕ್ಯಾನ್ಸರಿನ ಒಂದು ಪ್ರಾಯೋಗಿಕ ಔಷಧವನ್ನು ರೋಗಿಗಳ ಮೇಲಿನ ಪರೀಕ್ಷೆಗೆಂದು 24 ಕೆ.ಜಿ.ಯಷ್ಟು ಹರಿವಿನಲ್ಲೇ ತಯಾರಿಸಿದ್ದನ್ನು ಪ್ರಕಟಿಸಿತ್ತು.

ಸೇರುವ ದಾರಿ ಸಂಕ್ಷೇಪವಾಗಿ ಹೀಗಿದೆ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ ಆದ ಮೇಲೆ 42,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಗೇಟ್ ಅಂಕವನ್ನೂ ಹಲವು ಸಂಸ್ಥೆಗಳು ಪರಿಗಣಿಸುತ್ತವೆ. ಬಿ.ಎಸ್ಸಿ. ಮುಗಿಸಿದವರಿಗೆ ಜಾಮ್ ಪರೀಕ್ಷೆಯ ಮೂಲಕ ಭಾರತೀಯ ವಿಜ್ಞಾನ ಸಂಸ್ಥೆಯ ಸಮಗ್ರ ಪಿಎಚ್.ಡಿ.ಯ ಬಾಗಿಲೂ ಇದೆ. ಯುಜಿಸಿಯ 2022ರ ನಿಯಮಗಳ ಪ್ರಕಾರ ಪಿಎಚ್.ಡಿ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಗಮನಿಸಬೇಕಾದ್ದು ಈ 12 ಕ್ರೆಡಿಟ್ಟುಗಳನ್ನು. ಎಷ್ಟೋ ಕಡೆ ಅವು ಎಂ.ಎಸ್ಸಿ. ಪಾಠದ ಪುನರಾವರ್ತನೆಯಾಗಿ ಕಳೆದುಹೋಗುತ್ತವೆ. ಪ್ರಯೋಗ ವಿನ್ಯಾಸ, ರಿಯಾಕ್ಟರ್ ಲೆಕ್ಕ, ಪೈಥಾನ್ ಮೂರನ್ನೂ ಅದರೊಳಗೆ ತರಲು ಯಾವ ಹೊಸ ಕಾಯ್ದೆಯೂ ಬೇಡ; ವಿಭಾಗದ ಅಧ್ಯಯನ ಮಂಡಳಿ ಮನಸ್ಸು ಮಾಡಿದರೆ ಆಯಿತು.

ಹಾಸನದ ವಿಷಯಕ್ಕೆ ಬಂದರೆ ಬೇಕಾದ ಬಿಡಿಭಾಗಗಳು ಕೆಲವೇ ಕಿಲೋಮೀಟರ್ ಅಂತರದಲ್ಲಿವೆ, ಕೂಡಿಸುವ ಕೆಲಸ ಬಾಕಿಯಿದೆ. ಹೇಮಗಂಗೋತ್ರಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದುದು 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. ಎರಡೇ ವರ್ಷಕ್ಕೆ, 2025ರಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಲ್ಲಿ ಬಂತು. ಬಾಗಿಲು ಇರುತ್ತದೋ ಇಲ್ಲವೋ ಎಂಬ ಅನುಮಾನದ ನಡುವೆ ಐದಾರು ವರ್ಷದ ಸಂಶೋಧನಾ ತರಬೇತಿ ಕಟ್ಟುವುದು ಯಾರಿಗೂ ಸುಲಭವಲ್ಲ. ಅದೇ ಊರಿನಲ್ಲಿ 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ. ಕೆಐಎಡಿಬಿಯ ಗ್ರೋತ್ ಸೆಂಟರಿನಲ್ಲಿ ಜವಳಿಯ ಜೊತೆ ಔಷಧ ಉದ್ದಿಮೆಗೂ ವಿಶೇಷ ಆರ್ಥಿಕ ವಲಯ ಗುರುತಿಸಲಾಗಿದೆ. ಹಾಸನ ತಾಲ್ಲೂಕಿನ ಬೂವನಹಳ್ಳಿಯ ಹೆಸರು ವಿಮಾನ ನಿಲ್ದಾಣದಿಂದಾಗಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಜಿಲ್ಲೆಯ ಅಭಿವೃದ್ಧಿಯ ಮಾತೆಂದರೆ ಓಡುದಾರಿಯ ಉದ್ದದ ಮಾತೇ ಆಗಿಬಿಟ್ಟಿದೆ. ಫ್ಲೋ ಕೆಲಸ ಶುರುಮಾಡುವ ಒಂದು ಸಿರಿಂಜ್ ಪಂಪಿಗೆ ಬೇಕಾದ್ದು ಅಷ್ಟು ದೊಡ್ಡದಲ್ಲ. 2014ರಲ್ಲಿ ಅಮೆರಿಕದ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದವರು 3ಡಿ ಪ್ರಿಂಟರಿನಲ್ಲಿ ಮಾಡಿಕೊಳ್ಳಬಹುದಾದ ಸಿರಿಂಜ್ ಪಂಪಿನ ನಕ್ಷೆಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಸ್ಟೆಪರ್ ಮೋಟಾರು, ತಿರುಪಿನ ಗೆರೆ ಕೊರೆದ ಉಕ್ಕಿನ ಕಡ್ಡಿ, ಚಿಕ್ಕದೊಂದು ಎಲೆಕ್ಟ್ರಾನಿಕ್ ಬೋರ್ಡು. ಎಂಜಿನಿಯರಿಂಗ್ ಕೊನೆಯ ವರ್ಷದವರಿಗೆ ಅದು ಒಳ್ಳೆಯ ಪ್ರಾಜೆಕ್ಟು, ಎಂ.ಎಸ್ಸಿ. ರಸಾಯನದವರಿಗೆ ಅದೇ ಪ್ರಯೋಗಾಲಯದ ಸಾಧನ. ಅದರೊಡನೆ ಎಫ್‌ಇಪಿ ಕೊಳವೆ, ನೀಲಿ ಎಲ್‌ಇಡಿ ಪಟ್ಟಿ ಸೇರಿದರೆ ವಾಸದ ಸಮಯ, ಬೆಳಕಿನ ಪ್ರಯೋಗ ಎರಡನ್ನೂ ತೋರಿಸಬಹುದು. ಆರಂಭಕ್ಕೆ ನೀರು, ಬಣ್ಣ, ಎಸ್ಟರ್ ಜಲವಿಭಜನೆಯಂಥ ಸೌಮ್ಯ ರಿಯಾಕ್ಷನ್ನುಗಳೇ ಸಾಕು. ಒತ್ತಡ, ಅಜೈಡುಗಳ ತಂಟೆಗೆ ಮನೆಯಲ್ಲಿ ಮಾಡಿದ ಪಂಪಿನೊಡನೆ ಹೋಗಬಾರದು.

ಎನ್‌ಎಂಆರ್, ಮಾಸ್ ಯಂತ್ರಗಳು ಜಿಲ್ಲೆಯಲ್ಲಿ ಸಿಗದಿದ್ದರೆ ಐ-ಸ್ಟೆಮ್ ಇದೆ. ದೇಶದ ಸಾರ್ವಜನಿಕ ಸಂಸ್ಥೆಗಳ ಉಪಕರಣಗಳನ್ನು ಹೊರಗಿನ ಸಂಶೋಧಕರು ಶುಲ್ಕ ಕೊಟ್ಟು ಬಳಸಲು ಅವಕಾಶ ಕೊಡುವ ಈ ರಾಷ್ಟ್ರೀಯ ವ್ಯವಸ್ಥೆ 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಉದ್ಘಾಟನೆಯಾಯಿತು, ನಡೆಯುವುದೂ ಬೆಂಗಳೂರಿನಿಂದಲೇ. ಮಾದರಿಯನ್ನು ಅಂಚೆಯಲ್ಲಿ ಕಳಿಸಿ ರೋಹಿತಪಟ ತರಿಸಿಕೊಳ್ಳುವುದು ಒಂದು. ಯಂತ್ರದ ಪಕ್ಕ ನಿಂತು ಅದನ್ನು ಹೇಗೆ ತೆಗೆಯುತ್ತಾರೆಂದು ನೋಡಿ ಬರುವುದು ಇನ್ನೊಂದು. ಹಾಸನದಿಂದ ಬೆಂಗಳೂರಿಗೆ ರೈಲು ಇರುವಾಗ ಎರಡನೆಯದನ್ನು ಬಿಡುವುದು ನಷ್ಟ.

ಗೈಡನ್ನು ಆರಿಸುವ ಮುನ್ನ ಕೇಳಿ ತಿಳಿಯಬೇಕಾದ ಪ್ರಶ್ನೆಗಳು ಕೆಲವಿವೆ. ಆ ಗುಂಪಿನಲ್ಲಿ ಹೊಸ ವಿದ್ಯಾರ್ಥಿಯೇ ಪಂಪು, ಎಚ್‌ಪಿಎಲ್‌ಸಿ ಮುಟ್ಟಿ ಕೆಲಸ ಮಾಡಬಹುದೋ, ಅಥವಾ ಅವು ಬೀಗದೊಳಗೆ ಅತಿಥಿಗಳಿಗೆ ತೋರಿಸಲು ಇವೆಯೋ? ಪ್ರಯೋಗದ ಕಚ್ಚಾ ದಾಖಲೆ ಎಲ್ಲಿ ಉಳಿಯುತ್ತದೆ, ಬಿಟ್ಟುಹೋದವರ ದಾಖಲೆ ಈಗ ಇರುವವರಿಗೆ ಸಿಗುತ್ತದೆಯೇ? ಕೆಮಿಕಲ್ ಎಂಜಿನಿಯರ್ ಅಥವಾ ಗಣಕ ಬಲ್ಲವರು ಯಾರಾದರೂ ಜೊತೆಗಿದ್ದಾರೆಯೇ? ಕಂಪನಿಯಲ್ಲಿ ಕೆಲವು ತಿಂಗಳು ಇದ್ದು ಬರಲು ಬಿಡುತ್ತಾರೆಯೇ? ಯುಜಿಸಿಯ ಈಗಿನ ನಿಯಮದಲ್ಲಿ ಥೀಸಿಸ್ ಕೊಡುವ ಮುನ್ನ ಲೇಖನ ಪ್ರಕಟಿಸುವುದು ಕಡ್ಡಾಯವಲ್ಲದಿದ್ದರೂ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿರಬಹುದು; ಅದನ್ನೂ ಮೊದಲೇ ಕೇಳಿಕೊಳ್ಳುವುದು ಒಳಿತು. ಉತ್ತರಗಳನ್ನು ಗೈಡಿನ ಕೋಣೆಯಲ್ಲಿ ಕೇಳುವುದಕ್ಕಿಂತ ಮೂರನೆಯ ವರ್ಷದ ವಿದ್ಯಾರ್ಥಿಗಳ ಜೊತೆ ಕ್ಯಾಂಟೀನಿನಲ್ಲಿ ಕೇಳಿದರೆ ಹೆಚ್ಚು ತಿಳಿಯುತ್ತದೆ.

ಎಂ.ಎಸ್ಸಿ. ಮುಗಿದು ಸೇರ್ಪಡೆಯ ಪತ್ರ ಬರುವವರೆಗೆ ಹಲವರಿಗೆ ಒಂದಷ್ಟು ತಿಂಗಳು ಬಿಡುವು ಸಿಗುತ್ತದೆ. ನೆಟ್ ಪರೀಕ್ಷೆಯ ತಯಾರಿಯಲ್ಲಿ ಫ್ಲೋ, ಪ್ರಯೋಗ ವಿನ್ಯಾಸ, ಪೈಥಾನ್‌ಗಳಿಗೆ ಜಾಗ ಸಿಗುವುದಿಲ್ಲ. ಆ ಬಿಡುವಿನಲ್ಲಿ ಕ್ರಮವಾಗಿ ಕಲಿಯಬೇಕಾದ್ದು ಮೊದಲು ರಾಸಾಯನಿಕ ವೇಗಶಾಸ್ತ್ರ ಮತ್ತು ಶಾಖದ ಲೆಕ್ಕ, ಆಮೇಲೆ 8 ಪ್ರಯೋಗಗಳ ವಿನ್ಯಾಸವನ್ನು ಕೈಯಲ್ಲೇ ಬಿಡಿಸುವುದು, ಕೊನೆಗೆ ಆರ್‌ಡಿಕಿಟ್. ತಂತ್ರಾಂಶವನ್ನು ಮೊದಲು ಹಿಡಿದವರು ಲೆಕ್ಕಕ್ಕೆ ಹಿಂತಿರುಗುವುದು ಕಡಿಮೆ.

— ಬೂವನಹಳ್ಳಿ, ಹಾಸನ ತಾಲ್ಲೂಕು